ಹತ್ತೊಂಬತ್ತನೇ ಹೆಬ್ಬಟ್ಟು

ಮೂರನೆಯ ಸಲವೂ ಹಾಳೆಯ ಮೇಲೆ ಬಿದ್ದದ್ದು ಬರೀ ಮಸಿಯ ಬೊಟ್ಟು.

ಗುಡುಸಾಬ ಕನ್ನಡಕವನ್ನು ಹಣೆಗೇರಿಸಿ, ಭೂತಗನ್ನಡಿಯನ್ನು ಹಾಳೆಯ ಮೇಲೆ ಹಿಡಿದು ಬಗ್ಗಿದ. ಗೆರೆ ಇಲ್ಲ, ಸುಳಿ ಇಲ್ಲ. ಮೂವತ್ತನಾಲ್ಕು ವರ್ಷ ಪೊಲೀಸ್ ಖಾತೆಯಲ್ಲಿದ್ದು, ಹವಾಲ್ದಾರನಾಗಿ ನಿವೃತ್ತನಾದವನು ಅವನು. ಎಷ್ಟು ಕಳ್ಳರ ಬೆರಳು ಹಿಡಿದು ಒತ್ತಿಸಿದ್ದನೋ ಲೆಕ್ಕವಿಲ್ಲ. ಇಷ್ಟು ಬೋಳು ಹೆಬ್ಬೆರಳನ್ನು ಮಾತ್ರ ಕಂಡಿರಲಿಲ್ಲ.

"ಎಷ್ಟ ಸಲ ಒತ್ತಿದರೂ ಅಷ್ಟ ಭಾಯ್," ಎಂದಳು ರಸೂಲಬಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ರೇಷನ್ ಅಂಗಡ್ಯಾಗಿನ ಮಷಿನ್ನೂ ನನಗ ಸೋತೈತಿ. ಕಣ್ಣ ತೋರಿಸಿ ಅಕ್ಕಿ ತರತೀನಿ."

ಅದರಲ್ಲಿ ಸೋಜಿಗವೇನೂ ಇರಲಿಲ್ಲ. ಬೆಟಗೇರಿಯ ತಗ್ಗಿನ ಚಾಳದಲ್ಲಿ ರಸೂಲಬಿಯದು ಕೆಚ್ಚುವ ಕೆಲಸ. ಮಗ್ಗದ ಮೇಲೆ ಹಳೆಯ ಹಾಸು ಮುಗಿದಾಗ ಅದರ ಒಂದೊಂದೇ ಎಳೆಗೆ ಹೊಸ ಹಾಸಿನ ಒಂದೊಂದೇ ಎಳೆ ಕೂಡಿಸಬೇಕು. ಬೆರಳಿಗೆ ಬೂದಿ ಮೆತ್ತಿಕೊಂಡು ಹೆಬ್ಬೆರಳಿನಿಂದ ಹೊಸೆಯಬೇಕು. ಒಂದು ಸೀರೆಗೆ ಸಾವಿರಾರು ಎಳೆ. ನಲವತ್ತು ವರ್ಷ ಹೀಗೆ ಹೊಸೆದ ಮೇಲೆ ದೇವರು ಬರೆದು ಕಳಿಸಿದ ಗೆರೆ ಬೆರಳ ಮೇಲೆ ಉಳಿಯುವುದಾದರೂ ಹೇಗೆ?

ಆದರೆ ಗುಡುಸಾಬನ ಮೊಣಕಾಲ ಮೇಲಿದ್ದ ಝೆರಾಕ್ಸ್ ಪ್ರತಿಯಲ್ಲಿ, ಹತ್ತೊಂಬತ್ತನೆಯ ನಂಬರಿನ ಎದುರು, 'ರಸೂಲಬಿ' ಎಂಬ ಹೆಸರಿನ ಪಕ್ಕದಲ್ಲಿ ಒಂದು ಹೆಬ್ಬಟ್ಟಿತ್ತು. ನೀರಿನ ಸುಳಿಯಂತೆ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ನಡುವೆ ಓರೆಯಾಗಿ ಹಾಯ್ದ ಬಿಳಿಯ ಗೀರು, ಯಾವುದೋ ಹಳೆಯ ಗಾಯದ ಗುರುತು.

"ಇದು ನಿನ್ನದಲ್ಲ, ಆಪಾ."

"ನಂದು ಹ್ಯಾಂಗ ಆದೀತು? ಅವತ್ತ ನಾ ಊರಾಗ ಇರಲಿಲ್ಲ. ಮಗಳ ಬಾಣಂತನಕ್ಕ ಮುಂಡರಗಿಗೆ ಹೋಗಿದ್ದೆ."

ಗುಡುಸಾಬ ಭೂತಗನ್ನಡಿ ಮಡಚಿ ಜೇಬಿಗೆ ಹಾಕಿಕೊಂಡ. ಚಾಳದ ಬಾಡಿಗೆದಾರರ ಸಂಘದ ಅಧ್ಯಕ್ಷ ಹುಚ್ಚೀರಪ್ಪ ಕಾಣೆಯಾಗಿ ಅಂದಿಗೆ ನಾಲ್ಕು ದಿನವಾಗಿತ್ತು. ನಾಳೆ ಶುಕ್ರವಾರ ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಚಾಳದ ಕೇಸಿನ ತಾರೀಖು. ನಾಲ್ಕು ದಿನದ ಕತ್ತಲೆಯಲ್ಲಿ ಸಿಕ್ಕ ಮೊದಲ ಬೆಳಕಿನ ಕಿಂಡಿ ಈ ಬೋಳು ಬೆರಳು.

*

ಚಾಳದ ವಿಷಯ ಇಷ್ಟು. ಮೂವತ್ತೆರಡು ಮನೆ, ಮನೆಗೊಂದು ಮಗ್ಗ. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಬೇರೆ ಕಡೆ ಬಾಡಿಗೆಗೆ ಮನೆ ಸಿಗಬಹುದು. ಆದರೆ ಫರಸಿ ಕಲ್ಲು ಕಿತ್ತು ಸೊಂಟದಷ್ಟು ಆಳದ ತಗ್ಗು ತೋಡಿಕೋ ಎನ್ನುವ ಮಾಲಕ ಈ ಕಾಲದಲ್ಲಿ ಯಾವ ಊರಿನಲ್ಲಿದ್ದಾನೆ? ಮನೆ ಬಿಟ್ಟರೆ ಕಸುಬು ಬಿಟ್ಟ ಹಾಗೆ. ಮಗ್ಗವಿಲ್ಲದ ಮನೆ ಗುಡುಸಾಬನದೊಂದೇ. ಅವನು ಮಾವನ ಕಾಲದ ಬಾಡಿಗೆ ಮನೆಯಲ್ಲಿ ಪಿಂಚಣಿ ತಿನ್ನುತ್ತ ಕೂತವನು. ಅವನ ಮನೆಯ ತಗ್ಗಿಗೆ ಈಗ ಹಲಗೆ ಹೊದಿಸಿ ಮೇಲೆ ಕಾಟು ಹಾಕಿದ್ದಾರೆ.

ಮಾಲಕ ಬಸವಂತಪ್ಪ ಸಾಹುಕಾರ. ಅಡರಕಟ್ಟಿಯಲ್ಲಿ ಹೊಲ, ಲಕ್ಷ್ಮೇಶ್ವರದಲ್ಲಿ ವಾಡೆ. ಚಾಳ ಕೆಡವಿ ಅಲ್ಲಿ ಅಂಗಡಿಗಳ ದೊಡ್ಡ ಕಟ್ಟಡ ಎಬ್ಬಿಸಬೇಕು ಎಂದು ಅವನು ಹಟ ಹಿಡಿದು ಎರಡು ವರ್ಷ. ಮೊದಲು ಬಾಡಿಗೆ ಏರಿಸಿದ. ಆಮೇಲೆ ಕಕ್ಕಸಿನ ಬಾಗಿಲಿಗೆ ಕೀಲಿ ಜಡಿದ. ಎರಡು ತಿಂಗಳ ಹಿಂದೆ ನೀರಿನ ಮೋಟರನ್ನೇ ಬಿಚ್ಚಿಸಿ ಒಯ್ದ. ಮಂದಿ ಒಬ್ಬೊಬ್ಬರಾಗಿ ಕೈಕಾಲು ಹಿಡಿಯುವುದನ್ನು ಬಿಟ್ಟು ಬಾಡಿಗೆದಾರರ ಸಂಘ ಕಟ್ಟಿಕೊಂಡರು. ಸಾಹುಕಾರನ ಆಳು ಚಾಳದೊಳಗೆ ಕಾಲಿಟ್ಟರೆ ಸಾಕು, ಓಣಿಯ ಬಾಯಿಕಟ್ಟಿನ ಮನೆಯವರು ಹಿತ್ತಾಳೆ ತಾಟು ಬಡಿಯಬೇಕು. ತಾಟಿನ ಸದ್ದು ಕೇಳಿದರೆ ಮೂವತ್ತೊಂದೂ ಮಗ್ಗ ನಿಲ್ಲಬೇಕು, ಎಲ್ಲರೂ ಹೊರಗೆ ಬರಬೇಕು. ಇದು ಹುಚ್ಚೀರಪ್ಪ ಹಾಕಿಕೊಟ್ಟ ಪದ್ಧತಿ.

ಅಂಥ ಹುಚ್ಚೀರಪ್ಪ ಸೋಮವಾರ ಬೆಳಗ್ಗೆ ಬೆಳ್ಳಟ್ಟಿಯ ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ಚೀಲ ಹೆಗಲಿಗೇರಿಸಿಕೊಂಡು ಹೋದವನು ತಂಗಿಯ ಮನೆ ಮುಟ್ಟಲಿಲ್ಲ. ಠಾಣೆಯಲ್ಲಿ ಕಂಪ್ಲೇಂಟು ಕೊಟ್ಟದ್ದಾಯಿತು. ಬರ್ತಾನ ಬಿಡ್ರಿ, ಹೋಗಿ ಉಣ್ರಿ ಅಂದರು. ಗುಡುಸಾಬನಿಗೆ ಸಿಟ್ಟೇನೂ ಬರಲಿಲ್ಲ. ಆ ಕುರ್ಚಿಯಲ್ಲಿ ಕುಳಿತು ಆ ಮಾತನ್ನು ಅವನೂ ಎಷ್ಟೋ ಜನರಿಗೆ ಹೇಳಿದ್ದ. ಅದಕ್ಕೇ ಈಗ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಬುಧವಾರ ಸಾಹುಕಾರನ ವಕೀಲರು ಕರಾರುಪತ್ರ ಹೊರತೆಗೆದರು. 'ನಾವು ಮೂವತ್ತೆರಡೂ ಮನೆಯವರು ಸ್ವಂತ ಖುಷಿಯಿಂದ ಮನೆಗಳನ್ನು ಬಿಟ್ಟುಕೊಡುತ್ತೇವೆ.' ಕೆಳಗೆ ಮೂವತ್ತೆರಡು ಸಹಿ, ಹೆಬ್ಬಟ್ಟು.

ಖರೆ ಹೆದರಿಕೆ ಬಂದದ್ದು ಆಗ. ಸಹಿಗಳು ಸುಳ್ಳಲ್ಲ. ಸಹಿ ಮಾಡಿದವರೆಲ್ಲ ನೋಡಿ ನಮ್ಮದೇ ಎಂದರು. ಇಪ್ಪತ್ತನೆಯ ನಂಬರಿಗೆ ಗುಡುಸಾಬನ ಹೆಂಡತಿ ದಿಲಶಾದಬಿಯದೂ ಇತ್ತು. ಅವನು ಆ ದಿನ ಶಿರಹಟ್ಟಿಗೆ ಲಗ್ನಕ್ಕೆ ಹೋಗಿದ್ದರಿಂದ ಮನೆಯ ಪರವಾಗಿ ಆಕೆಯೇ ಹಾಕಿದ್ದಳು. ಎರಡು ವಾರದ ಹಿಂದೆ ನಗರಸಭೆಯ ನಲ್ಲಿ ಬೇಡಿ ಅರ್ಜಿ ಬರೆದಾಗ ಹಾಕಿದ ಸಹಿ ಅವು. ಅರ್ಜಿಯ ಮೊದಲ ಹಾಳೆ ಮಾಯ. ಸಹಿಯ ಹಾಳೆ ಈಗ ಮನೆ ಬಿಡುವ ಕರಾರಿಗೆ ಅಂಟಿಕೊಂಡಿತ್ತು.

ನೀರು ಕೇಳಿದ ಕೈಗಳೇ ಮನೆ ಬರೆದುಕೊಟ್ಟಂತಾಗಿತ್ತು.

*

ವಕೀಲೆ ಕಾಂಚನಾಳ ಆಫೀಸು ಕೋರ್ಟಿನ ಹಿಂದಿನ ಓಣಿಯಲ್ಲಿ. ವಯಸ್ಸು ಮೂವತ್ತೈದೂ ಆಗಿರಲಿಕ್ಕಿಲ್ಲ. ಎರಡು ವರ್ಷದಿಂದ ಚಾಳದ ಕೇಸನ್ನು ಫೀ ಮುಟ್ಟದೆ ನಡೆಸಿಕೊಂಡು ಬಂದವಳು. ಚಾಳದ ಹೆಂಗಸರು ಹಬ್ಬಕ್ಕೆ ಮಾಡಿದ್ದರಲ್ಲಿ ಒಂದು ಪಾಲು ಆಕೆಗೆಂದು ತೆಗೆದಿಡುತ್ತಿದ್ದರು. ನಮ್ಮ ಹುಡುಗಿ ಎಂದೇ ಕರೆಯುತ್ತಿದ್ದರು.

ಗುಡುಸಾಬ ಝೆರಾಕ್ಸನ್ನು ಮೇಜಿನ ಮೇಲೆ ಹರಡಿ ಸಹಿಯ ಹಾಳೆಯ ಮೂಲೆಗೆ ಬೆರಳಿಟ್ಟ. ಅಲ್ಲಿ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆ ನಾಲ್ಕಿದ್ದವು. ಪಿನ್ನು ಒಂದು ಸಲ ಚುಚ್ಚಿದರೆ ಎರಡೇ ತೂತು. ಒಮ್ಮೆ ಚುಚ್ಚಿ, ಕಿತ್ತು, ಮತ್ತೊಮ್ಮೆ ಚುಚ್ಚಿದರೆ ನಾಲ್ಕು. ಕರಾರಿನ ಮೊದಲಿನ ಹಾಳೆಯಲ್ಲಿ ಎರಡೇ ಚುಕ್ಕೆ.

ಕಾಂಚನಾ ತಲೆದೂಗಿದಳು. ಇದು ಸಂಶಯಕ್ಕೆ ಸಾಕು, ತೀರ್ಪಿಗೆ ಸಾಲದು ಎಂದಳು. ಆಗ ಗುಡುಸಾಬ ರಸೂಲಬಿಯ ಬೋಳು ಹೆಬ್ಬೆರಳಿನ ಮಾತು ತೆಗೆದ. ಬೂದಿ, ಎಳೆ, ನಲವತ್ತು ವರ್ಷ, ತೇದುಹೋದ ಬಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಆಕೆಯ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು.

"ಕಾಕಾ, ಇದು ಯಾರಿಗೆಲ್ಲ ಗೊತ್ತೈತಿ?"

"ನನಗ, ರಸೂಲಬಿಗೆ. ಈಗ ನಿಮಗ."

"ಅಷ್ಟ ಇರಲಿ. ನಿಮ್ಮ ಕಾರ್ಯದರ್ಶಿ ಕೊಟ್ರೇಶಗೂ ಹೇಳಬ್ಯಾಡ್ರಿ." ಆಕೆ ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದು ಕುಳಿತಳು. ಒಂದು ಹೆಬ್ಬಟ್ಟು ಸುಳ್ಳಾದರೆ ಇಡೀ ಕರಾರೇ ಮುರಿದು ಬೀಳುತ್ತದೆ, ಆದರೆ ಅದು ಯಾರದೆಂದು ನಾವು ತೋರಿಸಲೇಬೇಕು. ಇಲ್ಲವಾದರೆ ಮುದುಕಿ ಬೇರೆ ಬೆರಳು ಒತ್ತಿದ್ದಾಳೆಂದು ಎದುರಿನವರು ನಕ್ಕು ಹೋಗುತ್ತಾರೆ, ಎಂದು ವಿವರಿಸಿದಳು. "ಇವತ್ತ ಸಂಜಿಕ್ಕ ನಾ ಚಾಳಿಗೆ ಬರತೀನಿ. ಅಷ್ಟರಾಗ ಆ ಬಟ್ಟು ಯಾರದಂತ ನನಗ ಬೇಕು."

ಗುಡುಸಾಬ ಹೊರಬಂದ. ಚಾಳದಲ್ಲಿ ಸಹಿ ಬರದವರು ರಸೂಲಬಿಯನ್ನು ಬಿಟ್ಟು ಆರು ಜನ. ಆ ಆರೂ ಹೆಬ್ಬಟ್ಟನ್ನು ಅವನು ಬೆಳಗ್ಗೆಯೇ ತೆಗೆದುಕೊಂಡು ನೋಡಿದ್ದ. ಯಾರ ಬೆರಳಲ್ಲೂ ಆ ಓರೆ ಗೀರು ಇರಲಿಲ್ಲ. ಎಲ್ಲಿಯದೋ ಹೊರಗಿನ ಕಳ್ಳಬೆರಳು ಎಂದುಕೊಂಡ.

ಕೊಟ್ರೇಶ ಸಂಘದ ಕಾರ್ಯದರ್ಶಿ. ಗದಗಿನ ಒಂದು ಪ್ರೆಸ್ಸಿನಲ್ಲಿ ಕೆಲಸ. ನಲ್ಲಿಯ ಅರ್ಜಿ ಟೈಪು ಮಾಡಿದವನು ಅವನೇ. ಅವನ ಅಣ್ಣ ಸಾಹುಕಾರನ ಅಂಗಡಿಯಲ್ಲಿ ಗುಮಾಸ್ತ. ಈ ಒಂದು ಕಾರಣಕ್ಕೆ ಚಾಳದ ಮಂದಿ ನಾಲ್ಕು ದಿನದಿಂದ ಅವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಗುಡುಸಾಬ ಪ್ರೆಸ್ಸಿಗೆ ಹೋದಾಗ ಅವನು ಕತ್ತರಿಸಿದ ಕಾಗದದ ರಾಶಿಯ ಮುಂದೆ ನಿಂತಿದ್ದ, ಕಣ್ಣು ಕೂಡಿಸಿ ಮಾತಾಡಲಿಲ್ಲ. ಎರಡೂ ಹಾಳೆ ಪಿನ್ನು ಹಾಕಿ ಹುಚ್ಚೀರಪ್ಪನ ಕೈಗೆ ಕೊಟ್ಟೆ, ಮನೆ ಮನೆ ತಿರುಗಿದವನು ಅವನೇ, ಎಂದ. ಆಮೇಲೆ ವಕೀಲರು ಏನಂದರು ಎಂದು ಕೇಳಿದ. ಗುಡುಸಾಬ ಏನೂ ಇಲ್ಲ ಎಂದು ಹೇಳಿ ಹೊರಟುಬಂದ. ಆ ಹುಡುಗನ ಮುಖ ಬಾಡಿದ್ದು ಬೆನ್ನಿಗೇ ಗೊತ್ತಾಯಿತು.

*

ಕರಾರಿನ ಕೆಳಗೆ ಬರೆದವನ ಸಿಕ್ಕಾ ಇತ್ತು. ಲಕ್ಷ್ಮೇಶ್ವರದ ಬಾಂಡ್ ಬರೆಯುವ ವೀರು. ಗದಗಿನಲ್ಲಿ ಹಾದಿಗೊಬ್ಬ ಬಾಂಡ್ ಬರೆಯುವವನಿರುವಾಗ ಬೆಟಗೇರಿಯ ಚಾಳದ ಕಾಗದ ಬರೆಸಲು ಲಕ್ಷ್ಮೇಶ್ವರದವರೆಗೆ ಹೋಗುವುದೆಂದರೆ ಕಣ್ಣು ತಪ್ಪಿಸಲಿಕ್ಕೇ ಸೈ.

ವೀರುವಿಗೆ ಐವತ್ತು ದಾಟಿದ್ದರೂ ಊರಿಗೆಲ್ಲ ವೀರುವೇ. ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಅವನ ಮೇಜು. ಗುಡುಸಾಬ ಬಂದು ನಿಂತದ್ದನ್ನು ನೋಡಿಯೂ ಅವನು ಬರೆಯುತ್ತಿದ್ದ ಸಾಲು ಮುಗಿಸಿದ, ಪೆನ್ನಿಗೆ ಟೊಪ್ಪಿಗೆ ಹಾಕಿದ, ಆಮೇಲೆ ತಲೆ ಎತ್ತಿದ.

"ಬರ್ರಿ ಹವಾಲ್ದಾರ್ರ. ಕುಂಡ್ರಿ. ಚಾ ಹೇಳ್ತೀನಿ."

ತಾನು ಯಾರೆಂದು ಗುಡುಸಾಬ ಇನ್ನೂ ಹೇಳಿರಲಿಲ್ಲ.

ಚಾ ಬೇಡವೆಂದು, ಕಾಗದ ಮುಂದಿಟ್ಟು, ಇದನ್ನು ಬರೆಸಿದವರು ಯಾರು ಎಂದ. ವೀರು ಒಂದಿಷ್ಟೂ ಅಳುಕದೆ ತನ್ನ ರಿಜಿಸ್ಟರು ತೆಗೆದು, ಪುಟ ತಿರುವಿ, ಅವನ ಕಡೆಗೆ ಹೊರಳಿಸಿದ. ಸೋಮವಾರದ ತಾರೀಖು. ಛಾಪಾ ಕಾಗದ ಕೊಂಡವರ ಸಹಿಯ ಜಾಗದಲ್ಲಿ, ಬಾಲ ಉದ್ದಕ್ಕೆ ಎಳೆದ 'ಹು'. ಸಂಘದ ಎಷ್ಟು ಠರಾವಿನ ಕೆಳಗೆ ಆ ಬಾಲವನ್ನು ಗುಡುಸಾಬ ನೋಡಿರಲಿಲ್ಲ!

ಹುಚ್ಚೀರಪ್ಪನ ಕೈಯಲ್ಲೇ ಹುಚ್ಚೀರಪ್ಪನ ಚಾಳ ಮಾರಿಹೋಗಿತ್ತೆ?

"ಒಬ್ಬನ ಬಂದಿದ್ನೇನು?"

"ಕಾರಿನ್ಯಾಗ ಬಂದಿದ್ದ. ಹಿಂದಿನ ಸೀಟಿನ್ಯಾಗ, ನಡುವ ಕುಂತಿದ್ದ." ವೀರು ಎಲೆಯಡಿಕೆಯ ಚೀಲ ಬಿಚ್ಚಿದ. "ಆಕಡೆ ಒಬ್ಬ, ಈಕಡೆ ಒಬ್ಬ. ಹಂಗ ನಡುವ ಕುಂತಾವಗ ತಾನಾಗಿ ಇಳಿಯಾಕ ಬರಾಂಗಿಲ್ಲ ನೋಡ್ರಿ. ಇಳಿಸಿದಾಗ ಇಳೀತಾನ, ಹತ್ತು ಅಂದಾಗ ಹತ್ತತಾನ."

"ಈಗ ಎಲ್ಲಿ ಅದಾನ?"

"ನಾ ಕಾಗದ ಬರ್ಯಾವ್ರಿ. ಮಂದೀನ್ನ ಎಲ್ಲಿ ಇಡತಾರ ಅನ್ನೂದು ನನ್ನ ಕೆಲಸಲ್ಲ."

ಗುಡುಸಾಬ ಮೇಜಿನ ಅಂಚು ಹಿಡಿದ. ಹಳೆಯ ಹವಾಲ್ದಾರಿಕೆ ಮೈಯಲ್ಲಿ ಎದ್ದಿತು. ಒಬ್ಬ ಮನುಷ್ಯನ ಜೀವದ ಮಾತಿದು, ನಾಳೆ ಹೆಣ ಸಿಕ್ಕರೆ ನಿನ್ನ ರಿಜಿಸ್ಟರೇ ಮೊದಲನೆಯ ಸಾಕ್ಷಿ, ಆಗ ನಿನ್ನನ್ನು ಯಾವ ಸಾಹುಕಾರನೂ ಬಿಡಿಸುವುದಿಲ್ಲ, ಎಂದು ತಗ್ಗಿದ ದನಿಯಲ್ಲೇ ಗದರಿದ. ವೀರು ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡ. ಅವನು ಎರಡು ಸಲ ಸಾಹುಕಾರನ ವಾಡೆಯ ದಿಕ್ಕಿಗೆ ಕಣ್ಣು ಹಾಯಿಸಿದ್ದು ಗುಡುಸಾಬನ ಕಣ್ಣಿಗೆ ಬಿತ್ತು. ಅವನೂ ಹೆದರಿದ್ದಾನೆ, ಆದರೆ ತನಗೆ ಅಲ್ಲ ಎಂಬುದು ತಿಳಿದು ಇನ್ನಷ್ಟು ಕಸಿವಿಸಿಯಾಯಿತು.

"ವಯಸ್ಸಾದವರು ಅದೀರಿ, ಒಂದ ಮಾತ ಹೇಳ್ತೀನಿ," ಎಂದ ವೀರು, ಆಚೀಚೆ ನೋಡಿ. "ತೇದ ಬಟ್ಟು, ಗೆರಿ ಇಲ್ಲದ ಬಟ್ಟು ಅಂತ ನಾಳಿ ಕೋರ್ಟಿನ್ಯಾಗ ಎತ್ತಬ್ಯಾಡ್ರಿ. ಹತ್ತೊಂಬತ್ತನೇದು ಯಾರದಂತ ಗೊತ್ತಾದ ದಿನ ಒಳಗ ಹೋಗೂದು ಸಾಹುಕಾರ ಅಲ್ಲ. ನೀವ ಬಾಯಿಗೆ ಕೀಲಿ ಹಾಕ್ಕೊಂಡ ಕುಂಡ್ರತೀರಿ."

ಅಷ್ಟು ಹೇಳಿ ಅವನು ಮತ್ತೆ ಪೆನ್ನು ಎತ್ತಿಕೊಂಡ.

ಬಸ್ಸು ಯಳವತ್ತಿ ದಾಟುವವರೆಗೂ ಗುಡುಸಾಬನ ತಲೆಯಲ್ಲಿ ಒಂದೇ ಚಿತ್ರ. ಇಬ್ಬರ ನಡುವೆ ಮೊಣಕಾಲು ಕೂಡಿಸಿ ಕುಳಿತ ಹುಚ್ಚೀರಪ್ಪ, ಎದೆಗವಚಿದ ಚೀಲ. ಅವನನ್ನು ದ್ರೋಹಿ ಎನ್ನಬೇಕೋ, ಅವನಿಗಾಗಿ ಅಳಬೇಕೋ ತಿಳಿಯಲಿಲ್ಲ. ವೀರು ಆಡಿದ ಬೇರೆ ಮಾತುಗಳನ್ನು ಸರಿಯಾಗಿ ಜಾಲಾಡಿ ನೋಡುವಷ್ಟು ನೆಟ್ಟಗೆ ಅವನ ಮನಸ್ಸು ಆಗ ಇರಲಿಲ್ಲ. ಆ ತಪ್ಪಿಗೆ ಅವನು ಬೆಲೆ ತೆರಬೇಕಾಯಿತು.

*

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ದಿಲಶಾದಬಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ಮುಂಜಾನೆಯೆಲ್ಲ ಬೋರಿನ ಪಾಳಿಯಲ್ಲಿ ನಿಂತು ತಂದ ನೀರು ಕೊಡಗಳಲ್ಲಿ ತುಂಬಿತ್ತು. ಮುಖ ನೋಡಿಯೇ ಎದ್ದು ಒಂದು ಗ್ಲಾಸು ನೀರು ತಂದುಕೊಟ್ಟಳು.

ಗ್ಲಾಸು ಹಿಡಿದ ಹೆಬ್ಬೆರಳು ಅವನ ಕಣ್ಣೆದುರು ಬಂತು.

ಓರೆಯಾಗಿ ಹಾಯ್ದ ಬಿಳಿಯ ಗೀರು.

ಗುಡುಸಾಬ ಗ್ಲಾಸು ತೆಗೆದುಕೊಳ್ಳಲಿಲ್ಲ. ಆ ಗೀರು ಅವನಿಗೆ ಗೊತ್ತಿರದೆ ಏನು? ಇಪ್ಪತ್ತು ವರ್ಷದ ಹಿಂದೆ, ಮುಂಡರಗಿಗೆ ವರ್ಗವಾದ ದಿನ, ಈಳಿಗೆಯ ಮೇಲೆ ಉಳ್ಳಾಗಡ್ಡಿ ಹೆಚ್ಚುವಾಗ ಆದ ಗಾಯ. ತನ್ನ ಧೋತರದ ಅಂಚು ಹರಿದು ಕಟ್ಟಿದವನು ಅವನೇ. ಬೆಳಗಿನಿಂದ ಊರ ಬೆರಳುಗಳನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿದವನು ದಿನಾ ತನಗೆ ರೊಟ್ಟಿ ಬಡಿದುಕೊಡುವ ಬೆರಳನ್ನು ನೋಡಿರಲಿಲ್ಲ. ನೋಡುವ ಯೋಚನೆಯೂ ಬರಲಿಲ್ಲ, ಯಾಕೆಂದರೆ ಐವತ್ತು ದಾಟಿದ ಮೇಲೆ ಹಟ ಹಿಡಿದು ಸಹಿ ಕಲಿತಿದ್ದ ದಿಲಶಾದಬಿ ಹೆಬ್ಬಟ್ಟಿನವರ ಯಾದಿಯಲ್ಲೇ ಇರಲಿಲ್ಲ.

"ರಸೂಲಬಿ ಹೆಸರಿನ ಮುಂದ ಬಟ್ಟ ಒತ್ತಿದಾಕಿ ನೀನs?"

"ಹೌದ್ರಿ," ಎಂದಳು ಆಕೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂಬಂತೆ.

ಕಥೆ ಸಣ್ಣದು. ಹುಚ್ಚೀರಪ್ಪ ಹಾಳೆ ಹಿಡಿದುಕೊಂಡು ಬಂದಾಗ ರಸೂಲಬಿಯ ಬಾಗಿಲಿಗೆ ಕೀಲಿ. ಮೇಲಿನವೆಲ್ಲ ತುಂಬಿ ಹತ್ತೊಂಬತ್ತೊಂದೇ ಖಾಲಿ. ಸಹಿ ಇಲ್ಲದ ಮನೆಗೆ ನಲ್ಲಿ ಕೊಡದಿದ್ದರೆ ಏನು ಮಾಡುವುದು? ಒಬ್ಬಳೇ ಇರುವ ಹೆಂಗಸು, ಬಾಗಿಲೆದುರು ನೀರು ಬಂದು ಆಕೆಗೆ ಮಾತ್ರ ಬರದಿದ್ದರೆ ನೋಡುವುದು ಹೇಗೆ? ಓಣಿಯಲ್ಲಿ ಒಬ್ಬರ ಪರವಾಗಿ ಒಬ್ಬರು ಹಾಲು ತೆಗೆದುಕೊಂಡಂತೆ, ಗ್ಯಾಸು ಇಳಿಸಿಕೊಂಡಂತೆ, ದಿಲಶಾದಬಿ ಹೆಬ್ಬಟ್ಟು ಒತ್ತಿದಳು. ಕೆಳಗಿನ ಇಪ್ಪತ್ತನೆಯ ನಂಬರಿಗೆ ತನ್ನ ಹೆಸರು ಬರೆದಳು. ಅದನ್ನು ಮರೆತೂ ಬಿಟ್ಟಳು. ಹುಚ್ಚೀರಪ್ಪನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆತು ತಂಗಿ, ಪುಣ್ಯದ ಕೆಲಸ ಮಾಡಿದಿ, ಎಂದು ಹೇಳಿ ಹೋಗಿದ್ದನಂತೆ.

ಗುಡುಸಾಬ ಕಾಟಿನ ಮೇಲೆ ಕುಳಿತ. ಇನ್ನೊಬ್ಬರ ಹೆಸರಿಗೆ ಬಟ್ಟು ಒತ್ತುವುದು ಕಾಯ್ದೆಯ ಕಣ್ಣಿನಲ್ಲಿ ಏನು ಎಂಬುದು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಚಾಳ ಉಳಿಸುವ ಮಾತು ಅದೊಂದೇ, ಹೆಂಡತಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಮಾತೂ ಅದೇ. ವೀರು ಹೇಳಿದ್ದು ಖರೆಯಾಗಿತ್ತು. ಅವನ ಬಾಯಿಗೆ ಕೀಲಿ ಬಿದ್ದಿತ್ತು.

ಸುಮ್ಮನಿದ್ದುಬಿಡಲೇ ಎಂದು ಅವನ ಮನಸ್ಸು ಕೇಳಿತು. ನಾಚಿಕೆಯಾಯಿತು, ಆದರೂ ಕೇಳಿತು. ಯಾರಿಗೆ ಗೊತ್ತಾಗುತ್ತದೆ? ಪಿಂಚಣಿಯಿದೆ, ಮಗ್ಗವಿಲ್ಲ, ಎಲ್ಲಿಯಾದರೂ ಎರಡು ಕೋಣೆ ಹಿಡಿದರಾಯಿತು. ಗೋಡೆಯ ಆಚೆ ರಸೂಲಬಿ ಯಾರಿಗೋ ನೀರು ಹಂಚುವ ಸದ್ದು, ಅದರಾಚೆ ಮಗ್ಗಗಳ ಖಟಖಟ. ವರ್ಗವಾಗಿ ಹೋದ ದಿನಗಳನ್ನು ಬಿಟ್ಟರೆ ನಲವತ್ತು ವರ್ಷ ಅವನು ಆ ಸದ್ದಿನಲ್ಲೇ ಮಲಗಿ ಎದ್ದಿದ್ದ.

ದಿಲಶಾದಬಿಗೆ ಓದು ಬರದಿದ್ದರೂ ಗಂಡನ ಮುಖ ಓದಲು ಬರುತ್ತಿತ್ತು.

"ಮೂವತ್ತೊಂದು ತಗ್ಗು ಮುಚ್ಚಿಸಿ ನನ್ನ ಒಂದ ಬೆರಳ ಉಳಿಸಿಕೊಂಡ ಏನ ಮಾಡೂದೈತ್ರಿ?" ಎಂದಳು. "ನಾ ಒತ್ತೀನಿ, ನಾನs ಹೇಳ್ತೀನಿ."

ಗುಡುಸಾಬನ ಕಣ್ಣು ತುಂಬಿ ಬಂದವು. ಅವನು ಅದನ್ನು ಮರೆಮಾಡಲೂ ಹೋಗಲಿಲ್ಲ.

*

ಏಳಕ್ಕೆ ತಾಟು ಬಡಿಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಅಂಗಳದ ಬಲ್ಬಿನ ಕೆಳಗೆ ಚಾಳವೆಲ್ಲ ಕೂಡಿತು. ಹುಚ್ಚೀರಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಯಾರೂ ಕೂರಲಿಲ್ಲ. ಕೊಟ್ರೇಶ ಎಲ್ಲರಿಂದ ಮೂರು ಮೊಳ ದೂರ ನಿಂತಿದ್ದ. ಅವನ ಹತ್ತಿರ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ.

ಕಾಂಚನಾ ಕಾರಿನಲ್ಲಿ ಬಂದಳು. ಯಾವಾಗಲೂ ಸ್ಕೂಟಿಯಲ್ಲಿ ಬರುತ್ತಿದ್ದವಳು; ಟೈಪು ಮಾಡಲು ಮಂದಿಯನ್ನು ಕರಕೊಂಡು ಬಂದೆ ಎಂದಳು. ಕಾರಿನಲ್ಲಿ ಡ್ರೈವರನಲ್ಲದೆ ಇನ್ನೂ ಇಬ್ಬರು ಗಂಡಸರಿದ್ದರು. ಇಳಿಯಲಿಲ್ಲ.

ಗುಡುಸಾಬ ಸುತ್ತು ಬಳಸಲಿಲ್ಲ. ಹತ್ತೊಂಬತ್ತನೇ ಬಟ್ಟು ಸುಳ್ಳು, ಅದು ನನ್ನ ಮನೆಯದು ಎಂದ. ಮಂದಿಯ ನಡುವಿನಿಂದ ದಿಲಶಾದಬಿ ಎದ್ದು ನಿಂತು ನಡೆದದ್ದನ್ನು ಹೇಳಿದಳು. ರಸೂಲಬಿ ಆಕೆಯ ಕೈ ಹಿಡಿದುಕೊಂಡು ಅಲ್ಲಿಯೇ ಅತ್ತಳು. ನನ್ನ ನಲ್ಲಿಯ ಸಲುವಾಗಿ ಇಷ್ಟೆಲ್ಲ ಆಯಿತಲ್ಲ ಎಂದು ಹಣೆ ಬಡಿದುಕೊಂಡಳು. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. ಸಾವಿತ್ರೆವ್ವ ಎಂಬ ಮುದುಕಿ, ಆಕಿ ಒತ್ತದಿದ್ರ ನಾ ಒತ್ತತಿದ್ದೆ, ಎಂದಷ್ಟೇ ಅಂದಳು.

ಕಾಂಚನಾ ಎಲ್ಲವನ್ನೂ ಕೇಳಿ ದಿಲಶಾದಬಿಯ ಹೆಗಲ ಮೇಲೆ ಕೈಯಿಟ್ಟಳು. ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ನ್ಯಾಯಾಧೀಶರು ಮನ್ನಿಸುತ್ತಾರೆ, ಎಂದು ಧೈರ್ಯ ಹೇಳಿದಳು. ಆದರೆ ಪ್ರಮಾಣಪತ್ರ ಇಂದೇ ಆಗಬೇಕು, ನನ್ನ ಸಂಗಡ ಆಫೀಸಿಗೆ ಬರಲಿ, ಎರಡು ತಾಸಿನಲ್ಲಿ ತಂದು ಬಿಡುತ್ತೇನೆ, ಎಂದಳು.

"ನಾನೂ ಬರತೀನ್ರಿ," ಎಂದ ಗುಡುಸಾಬ.

"ನೀವೂ ಸಾಕ್ಷಿ ಅದೀರಿ ಕಾಕಾ. ಒಬ್ಬರ ಹೇಳಿಕಿ ಇನ್ನೊಬ್ಬರು ಕೇಳಬಾರದು. ನಿಮಗ ಗೊತ್ತಿಲ್ಲದ್ದೇನು?"

ಗೊತ್ತಿದ್ದದ್ದೇ. ಕಾಯ್ದೆಯ ಮಾತಿಗೆ ಮಣಿಯುವ ಹಳೆಯ ರೂಢಿ ಅವನನ್ನು ನಿಂತಲ್ಲೇ ನಿಲ್ಲಿಸಿತು. ದಿಲಶಾದಬಿ ಶಾಲು ಹೊದ್ದುಕೊಂಡು ಬಂದಳು. ಒಲೆಯ ಮೇಲೆ ಸಾರಿದೆ, ಆರಿಸಿಬಿಡಿ ಎಂದು ಹೇಳಿ ಹೋದಳು.

ಕಾರು ಓಣಿಯ ತುದಿ ತಿರುಗಿ ಮರೆಯಾಯಿತು. ಮಂದಿ ಮನೆಗಳಿಗೆ ಹೊರಟರು. ಕೊಟ್ರೇಶ ಮಾತ್ರ ನಿಂತೇ ಇದ್ದ. ನಾಲ್ಕು ದಿನದ ಅವಮಾನ ಈಗ ಹೊರಗೆ ಬಿತ್ತು.

"ಕಾಕಾ, ಈ ಬಟ್ಟಿನ ಸುದ್ದಿ ನನಗರ ಹೇಳಬಹುದಿತ್ತಲ್ಲ. ಮುಂಜಾನೆ ನನ್ನ ಮುಂದ ನಿಂತು ಏನೂ ಇಲ್ಲ ಅಂದ್ರಿ. ನಾ ಅಷ್ಟ ಪರಕೀಯ ಆದ್ನೇನು?"

"ಯಾರಿಗೂ ಹೇಳಿಲ್ಲೋ ತಮ್ಮಾ. ಇವತ್ತ ಮುಂಜಾನೆ ಗೊತ್ತಾದದ್ದು. ವಕೀಲ್ರಿಗೆ ಒಬ್ಬರಿಗೇ..."

ಮಾತು ಅಲ್ಲಿಗೆ ನಿಂತಿತು.

ತೇದ ಬಟ್ಟು, ಗೆರಿ ಇಲ್ಲದ ಬಟ್ಟು. ಬೇವಿನ ಗಿಡದ ಕೆಳಗೆ ಎಲೆಗೆ ಸುಣ್ಣ ಸವರುತ್ತ ವೀರು ಆಡಿದ ಮಾತು. ಹತ್ತೊಂಬತ್ತನೆಯದು ಯಾರದೆಂದು ಹುಚ್ಚೀರಪ್ಪನ ಬಾಯಿ ಬಿಡಿಸಿ ಕೇಳಿರಬಹುದು. ಆದರೆ ರಸೂಲಬಿಯ ಬೆರಳು ತೇದಿದೆ ಎಂದು ತಾನು ಕಂಡುಹಿಡಿದದ್ದು ಆ ದಿನವೇ ಬೆಳಗಿನ ಏಳು ಗಂಟೆಗೆ. ಅದನ್ನೇ ನಾಳೆ ಕೋರ್ಟಿನಲ್ಲಿ ಎತ್ತುತ್ತೇನೆಂಬುದು ನಾಲ್ಕು ದಿನದ ಹಿಂದೆ ಕಾಣೆಯಾದವನಿಗೆ ತಿಳಿಯುವುದು ಹೇಗೆ? ರಸೂಲಬಿ ಚಾಳ ಬಿಟ್ಟು ಹೊರಗೆ ಹೋಗಿರಲಿಲ್ಲ, ಆಕೆಯ ಹತ್ತಿರ ಮೊಬೈಲೂ ಇಲ್ಲ. ತಾನು ಲಕ್ಷ್ಮೇಶ್ವರದ ಬಸ್ಸು ಹತ್ತುವ ಮೊದಲೇ ಆ ಸುದ್ದಿ ಲಕ್ಷ್ಮೇಶ್ವರ ಮುಟ್ಟಿತ್ತು.

ಮುಟ್ಟಿಸಬಲ್ಲವರು ಒಬ್ಬರೇ.

ಆ ಬಟ್ಟು ಯಾರದಂತ ನನಗ ಬೇಕು ಎಂದಿದ್ದಳು. ಬೇಕಾಗಿದ್ದದ್ದು ಬರೀ ಹೆಸರಲ್ಲ, ನಾಳೆ ಕೋರ್ಟು ಮುಟ್ಟಬಾರದ ಸಾಕ್ಷಿ; ಅದು ಸಿಕ್ಕಿತ್ತು. ಅವನೇ ಶಾಲು ಹೊದಿಸಿ ಕಳಿಸಿಕೊಟ್ಟಿದ್ದ.

ಗುಡುಸಾಬ ಫೋನು ಹಚ್ಚಿದ. ಕಾಂಚನಾಳ ನಂಬರು ಬಂದ್ ಆಗಿತ್ತು. ಮೊಣಕಾಲಿನ ನೋವು ಮರೆತು ಓಣಿಯ ಬಾಯಿಕಟ್ಟಿಗೆ ಓಡಿದ, ಹಿಂದೆ ಕೊಟ್ರೇಶ. ಅಲ್ಲಿ ರಸೂಲಬಿ ಹಿತ್ತಾಳೆ ತಾಟನ್ನು ಎದೆಗವಚಿಕೊಂಡು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು.

"ಭಾಯ್, ವಕೀಲ್ರ ಆಫೀಸು ಆಕಡೆ ಅಲ್ಲೇನು?" ಎಂದಳು, ಕೋರ್ಟಿನ ದಿಕ್ಕಿಗೆ ಕೈ ಮಾಡಿ. "ಗಾಡಿ ಲಕ್ಷ್ಮೇಶ್ವರದ ಹಾದಿ ಹಿಡೀತು. ದಿಲಶಾದಗ ನಾ ಕೈ ಮಾಡಿದೆ. ಆಕಿ ತಿರುಗಿ ಕೈ ಎತ್ತಲಿಲ್ಲ. ಎತ್ತಾಕ ಜಾಗಾನೂ ಇರಲಿಲ್ಲ. ಆಕಡೆ ಒಬ್ಬ, ಈಕಡೆ ಒಬ್ಬ, ಆಕಿ ನಡುವ ಕುಂತಿದ್ಲು."